ಅರ್ಥಶಾಸ್ತ್ರದ ಡಿಸರ್ಟೇಶನ್ ಮಾಡುವುದು ಹೇಗೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ವಿದ್ಯಾರ್ಥಿಗಳಿಗೆ

“ಸರ್, ಟಾಪಿಕ್ ಒಂದು ಹೇಳ್ರಿ.”

ಕೊನೆಯ ಸೆಮಿಸ್ಟರ್ ಬಂತು ಅಂದರೆ ಈ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ಕೇಳುವವರು ಒಳ್ಳೆಯ ವಿದ್ಯಾರ್ಥಿಗಳೇ. ನವಲಗುಂದದಿಂದಲೋ ಶಿಗ್ಗಾವಿಯಿಂದಲೋ ಬಂದವರು. ಮನೆಯಲ್ಲಿ ಹೊಲ ಇದೆ. ಅಪ್ಪ ಎಪಿಎಂಸಿಗೆ ಮಾಲು ಹಾಕುತ್ತಾರೆ, ಅವ್ವ ಸ್ವಸಹಾಯ ಸಂಘದಲ್ಲಿ ಇದ್ದಾರೆ. ಅರ್ಥಶಾಸ್ತ್ರ ಅವರ ಮನೆಯ ಕಟ್ಟೆಯ ಮೇಲೆ ದಿನಾ ನಡೆಯುತ್ತಿದೆ. ಆದರೂ ಟಾಪಿಕ್ ಮಾತ್ರ ಬೇರೆ ಯಾರೋ ಕೊಡಬೇಕು ಅಂದುಕೊಂಡಿರುತ್ತಾರೆ.

ಬಿ.ಎ. ಪ್ರಾಜೆಕ್ಟ್ ಮಾಡುವವರಿಗೂ ಎಂ.ಎ. ಡಿಸರ್ಟೇಶನ್ ಬರೆಯುವವರಿಗೂ ದಾರಿ ಒಂದೇ, ಅಳತೆ ಬೇರೆ. ಬಿ.ಎ.ಯವರಿಗೆ ಮೂವತ್ತು ನಲವತ್ತು ಮನೆ, ಒಂದು ಪ್ರಶ್ನೆ, ನಾಲ್ಕೈದು ಸ್ವಚ್ಛವಾದ ಕೋಷ್ಟಕ ಸಾಕು. ಎಂ.ಎ.ಯವರು ಎಂಬತ್ತರಿಂದ ನೂರು ಮನೆ ನೋಡಲಿ. ಒಂದು ಹೋಲಿಕೆ ಇರಲಿ. ಬೇಕಿದ್ದರೆ ಒಂದು ರಿಗ್ರೆಶನ್, ಅಂದರೆ ಯಾವ ಅಂಶದಿಂದ ಎಷ್ಟು ವ್ಯತ್ಯಾಸ ಅಂತ ಬಿಡಿಸಿ ನೋಡುವ ಲೆಕ್ಕ ಇರಲಿ. ಇಬ್ಬರಿಗೂ ಉದಾಹರಣೆಯಾಗಿ ಒಂದೇ ವಿಷಯ ಇಟ್ಟುಕೊಳ್ಳುತ್ತೇನೆ: ಬ್ಯಾಡಗಿ ಮೆಣಸಿನಕಾಯಿ.

ಮೊದಲು ಪ್ರಶ್ನೆ

“ಹಾವೇರಿ ಜಿಲ್ಲೆಯ ಕೃಷಿ ಮಾರುಕಟ್ಟೆ: ಒಂದು ಅಧ್ಯಯನ.” ಇದರಲ್ಲಿ ಪ್ರಶ್ನೆಯೇ ಇಲ್ಲ. ಏನು ಹುಡುಕಬೇಕು ಅಂತ ಗೊತ್ತಿಲ್ಲದೆ ಊರೂರು ತಿರುಗಿದರೆ ಕೊನೆಗೆ ಎಂಬತ್ತು ಪುಟ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಈಗ ಇದನ್ನು ನೋಡಿ: “ಬ್ಯಾಡಗಿಗೆ ಮೆಣಸಿನಕಾಯಿ ತರುವ ಸಣ್ಣ ರೈತ, ಬೆಲೆ ಇಳಿದ ದಿನ ಮಾಲನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾನಾ, ಅವತ್ತೇ ಮಾರುತ್ತಾನಾ? ಮಾರಿದರೆ ಯಾಕೆ?” ಯಾರನ್ನು ಕೇಳಬೇಕು, ಎಲ್ಲಿ ಕೇಳಬೇಕು, ಏನು ಕೇಳಬೇಕು ಎಲ್ಲವೂ ಈ ಪ್ರಶ್ನೆಯಲ್ಲೇ ಇದೆ. 2024ರ ಮಾರ್ಚ್‌ನಲ್ಲಿ ಬೆಲೆ ಕುಸಿದಾಗ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಕಾಯಬಹುದಾದ ಮಾಲನ್ನು ಕಾಯಲಾಗದೆ ಮಾರುವ ಸ್ಥಿತಿ ಹೇಗೆ ಬರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಅದನ್ನು ಒಬ್ಬ ವಿದ್ಯಾರ್ಥಿ ಒಂದು ಸೆಮಿಸ್ಟರ್‌ನಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು ಮಾಡಿಕೊಳ್ಳಬೇಕು, ಅಷ್ಟೇ.

ಒಂದು ಪರೀಕ್ಷೆ ಮಾಡಿ. ನಿಮ್ಮ ಪ್ರಶ್ನೆಗೆ ಉತ್ತರ ನಿಮಗೆ ಈಗಾಗಲೇ ಗೊತ್ತಿದೆಯಾ? ಗೊತ್ತಿದ್ದರೆ ಅದನ್ನು ಬಿಡಿ. “ಸ್ವಸಹಾಯ ಸಂಘಗಳಿಂದ ಮಹಿಳೆಯರಿಗೆ ಅನುಕೂಲವಾಗಿದೆಯೇ” ಅಂತ ಕೇಳಿ “ಹೌದು, ಆಗಿದೆ” ಅಂತ ಬರೆದ ನೂರಾರು ಡಿಸರ್ಟೇಶನ್ ಇವೆ. “ಸಂಘದಿಂದ ತಂದ ಸಾಲದ ದುಡ್ಡು ಮನೆಯಲ್ಲಿ ಯಾರ ಕೈಯಿಂದ ಖರ್ಚಾಯಿತು” ಅಂತ ಕೇಳಿ ನೋಡಿ. ಉತ್ತರ ಏನು ಬರುತ್ತದೋ ಹೋಗಿ ಕೇಳುವ ತನಕ ಗೊತ್ತಾಗುವುದಿಲ್ಲ.

ನಮ್ಮ ಸುತ್ತ ಪ್ರಶ್ನೆಗಳಿಗೆ ಬರ ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಟ್ಟೆಗೂ ಮಷಿನ್ನಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಸಿಕ್ಕಿತು. ಆಮೇಲೆ ನೂಲುವ, ನೇಯುವ, ಹೊಲಿಯುವ ಹೆಂಗಸರಿಗೆ ವರ್ಷದಲ್ಲಿ ಎಷ್ಟು ದಿನದ ಕೆಲಸ ಸಿಗುತ್ತಿದೆ? 2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ದಾರಿಯ ಚಿಗರಿ ಬಸ್ ಓಡಲು ಶುರುವಾಯಿತು. ಅದರ ದಾರಿಯ ಎರಡೂ ಬದಿಯ ಸಣ್ಣ ಅಂಗಡಿಗಳ ವ್ಯಾಪಾರ ಏನಾಯಿತು? 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂತು. ಕುಂದಗೋಳದಿಂದ ಹುಬ್ಬಳ್ಳಿಗೆ ಕೂಲಿಗೆ ಬರುವ ಹೆಂಗಸರ ಕೆಲಸದ ದಿನಗಳು ಜಾಸ್ತಿ ಆದವಾ? ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಇಡೀ ದೇಶದ ಸಹಕಾರ ಚಳವಳಿಗೆ ಮೊದಲ ಹೆಜ್ಜೆ ಅಂತ ಓದುತ್ತೇವೆ. ಇವತ್ತು ಅದೇ ಸೀಮೆಯ ಹಳ್ಳಿಗಳಲ್ಲಿ ಸೊಸೈಟಿ ಸಾಲ ಯಾರಿಗೆ ಸಿಗುತ್ತದೆ, ಯಾರು ಕೈಗಡಕ್ಕೆ ಹೋಗುತ್ತಾರೆ? ಬೆಟಗೇರಿಯ ನೇಕಾರರು, ನವಲಗುಂದದ ಜಮಖಾನೆ ನೇಯುವ ಹೆಂಗಸರು, ರಾಣೆಬೆನ್ನೂರು ಕಡೆಯ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಮಾಡುವ ಕೂಲಿಗಳು, ಹೀಗೆ ಒಬ್ಬೊಬ್ಬರ ಹಿಂದೆ ಒಂದೊಂದು ಪ್ರಶ್ನೆ ಇದೆ.

ನಿಮ್ಮ ಊರಿಗೆ ಹತ್ತಿರದ್ದನ್ನೇ ಆರಿಸಿಕೊಳ್ಳಿ. ಬಸ್ಸಿನ ಖರ್ಚು ಉಳಿಯುತ್ತದೆ, ಭಾಷೆ ಗೊತ್ತಿರುತ್ತದೆ, ಬಾಗಿಲು ತೆರೆಯುತ್ತದೆ.

ಓದುವುದು: ಹದಿನೈದು ಲೇಖನ ಸಾಕು, ಆದರೆ ಪೂರ್ತಿ ಓದಿ

ಪ್ರಶ್ನೆ ಸಿಕ್ಕ ಮೇಲೆ ಅದನ್ನು ಈ ಮೊದಲು ಯಾರು ಕೇಳಿದ್ದಾರೆ ನೋಡಬೇಕು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ, ಫೋನಿನಲ್ಲೇ ತೆರೆಯುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳಿಗೆ ಕೃಷಿಕೋಶ ಇದೆ. ಇದು ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ವಿಭಾಗ ಇದೆ. ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಖರ್ಚು-ಲಾಭ ಲೆಕ್ಕ ಹಾಕಿದ ಎಂ.ಎಸ್ಸಿ. ಪ್ರಬಂಧಗಳು ಅಲ್ಲಿ ಸಿಗುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ನಿಮ್ಮದೇ. ಧಾರವಾಡದಲ್ಲೇ ಇರುವ ಸಿಎಂಡಿಆರ್ ಅಭಿವೃದ್ಧಿ ಅರ್ಥಶಾಸ್ತ್ರದ ಸಂಶೋಧನಾ ಸಂಸ್ಥೆ. ಮೊದಲೇ ಒಂದು ಪತ್ರ ಕೊಟ್ಟು ಅಲ್ಲಿಯ ಗ್ರಂಥಾಲಯಕ್ಕೂ ಹೋಗಿ ಬನ್ನಿ. ಪ್ರಾದೇಶಿಕ ಅಸಮಾನತೆಯ ಬಗ್ಗೆ ಬರೆಯುವವರು ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ನೋಡದೆ ಮುಂದೆ ಹೋಗಬೇಡಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಅದು ಗುರುತಿಸಿತ್ತು. ಸೂಚ್ಯಂಕ ಹೇಗೆ ಕಟ್ಟಿದರು ಅನ್ನುವ ಭಾಗವನ್ನು ನಿಧಾನವಾಗಿ ಓದಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ಲೇಖನಕ್ಕೆ ಒಂದು ಪುಟ. ಏನು ಕೇಳಿದರು, ಎಲ್ಲಿ, ಯಾವ ವರ್ಷ, ಎಷ್ಟು ಜನರನ್ನು, ಏನು ಕಂಡರು, ಏನು ಕೇಳದೆ ಬಿಟ್ಟರು. ಕೊನೆಯ ಸಾಲು ಮುಖ್ಯ. ನಿಮ್ಮ ಜಾಗ ಅಲ್ಲಿದೆ.

ಸಿದ್ಧ ಅಂಕಿಗಳು, ಅವುಗಳ ಒಳಗಿನ ಗುಂಡಿಗಳು

ಊರಿಗೆ ಹೋಗುವ ಮೊದಲು ಕುಳಿತಲ್ಲೇ ಸಿಗುವ ಅಂಕಿ ನೋಡಿ. ಪ್ರತಿ ವರ್ಷ ರಾಜ್ಯದ ಆರ್ಥಿಕ ಸಮೀಕ್ಷೆ ಬರುತ್ತದೆ. ‘ಜಿಲ್ಲಾ ಅಂಕಿಅಂಶಗಳ ನೋಟ’ ಜಿಲ್ಲಾ ಸಾಂಖ್ಯಿಕ ಕಚೇರಿಯಲ್ಲಿ ಸಿಗುತ್ತದೆ. ಎಪಿಎಂಸಿಗಳ ದಿನದಿನದ ಆವಕ ಮತ್ತು ಬೆಲೆ ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ತಾಣಗಳಲ್ಲಿದೆ. ಕೆಲಸ, ಕೂಲಿಗೆ ದುಡಿಯುವವರ ರಾಷ್ಟ್ರೀಯ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್, ಮನೆಖರ್ಚಿಗೆ 2022-23 ಮತ್ತು 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ, ಆರೋಗ್ಯಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್. ಇವೆಲ್ಲ ಉಚಿತ.

ಉಚಿತ ಸಿಕ್ಕಿತು ಅಂತ ಹಾಗೇ ತೆಗೆದು ಅಂಟಿಸಬೇಡಿ. ನಾನೇ ಮಾಡಿದ ತಪ್ಪು ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಧಾರವಾಡ ಜಿಲ್ಲೆಯ ಹತ್ತಿ ಬೆಳೆಯುವ ಪ್ರದೇಶದ ಮೇಲೆ ಬರೆದೆ. 1990ರಿಂದ ಹತ್ತು ವರ್ಷದ ಅಂಕಿ ಒಂದರ ಕೆಳಗೆ ಒಂದು ಬರೆದು ಗ್ರಾಫ್ ಎಳೆದೆ. ಮಧ್ಯದಲ್ಲಿ ಗೆರೆ ಬಾವಿಗೆ ಬಿದ್ದಂತೆ ಕೆಳಗೆ ಇಳಿಯಿತು. ಮಳೆ ಕೈಕೊಟ್ಟಿತು, ಬೆಲೆ ಬಿತ್ತು, ರೈತರು ಹತ್ತಿ ಬಿಟ್ಟರು ಅಂತ ಎರಡು ಪುಟ ಕಾರಣ ಬರೆದೆ. ಗೈಡ್ ಓದಿ ಒಂದೇ ಮಾತು ಕೇಳಿದರು: “ಗದಗ, ಹಾವೇರಿ ಎಲ್ಲಿ ಹೋದವೋ ತಮ್ಮಾ?” 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಮೂರಾಗಿತ್ತು. ಅದಕ್ಕೂ ಮೊದಲಿನ ‘ಧಾರವಾಡ’ದ ಅಂಕಿಯಲ್ಲಿ ಮೂರೂ ಜಿಲ್ಲೆ ಸೇರಿವೆ. ನಾನು ಬರೆದಿದ್ದು ಹತ್ತಿಯ ಕಥೆಯಾಗಿರಲಿಲ್ಲ, ಗಡಿ ಬದಲಾದ ಕಥೆಯಾಗಿತ್ತು. ಸರಿಪಡಿಸುವ ದಾರಿ ಸುಲಭ: 1997ರ ನಂತರದ ವರ್ಷಗಳಿಗೆ ಮೂರೂ ಜಿಲ್ಲೆಯ ಅಂಕಿ ಕೂಡಿಸಿ ‘ಹಳೆಯ ಧಾರವಾಡ’ ಅಂತ ಒಂದೇ ಸಾಲು ಮಾಡಿ. ಇಲ್ಲವಾದರೆ ತಾಲ್ಲೂಕುವಾರು ಅಂಕಿ ಹಿಡಿಯಿರಿ. ಅಲ್ಲೂ ಎಚ್ಚರ ಬೇಕು. ಅಣ್ಣಿಗೇರಿ, ಅಳ್ನಾವರ, ಲಕ್ಷ್ಮೇಶ್ವರ, ಗಜೇಂದ್ರಗಡ, ರಟ್ಟೀಹಳ್ಳಿ ಇತ್ತೀಚೆಗೆ ಆದ ತಾಲ್ಲೂಕುಗಳು. ಹಳೆಯ ಪಟ್ಟಿಗಳಲ್ಲಿ ಅವು ಬೇರೆ ತಾಲ್ಲೂಕಿನ ಒಳಗಿವೆ.

ಎರಡನೆಯ ಗುಂಡಿ ಮಾರುಕಟ್ಟೆಯ ಬೆಲೆಯದು. ತಾಣದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ಬೆಲೆ ಇರುತ್ತವೆ. ಮಾದರಿ ಬೆಲೆ ಅಂದರೆ ಆ ದಿನ ಹೆಚ್ಚಿನ ಮಾಲು ಹೋದ ಬೆಲೆ. ಸಾಮಾನ್ಯವಾಗಿ ಅದನ್ನೇ ಹಿಡಿಯಬೇಕು. ಆದರೆ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಅಂತ ತಳಿಗಳು ಬೇರೆ, ಬೆಲೆಯೂ ಬೇರೆ ಬೇರೆ. ಎಲ್ಲ ಕೂಡಿಸಿ ಸರಾಸರಿ ತೆಗೆದರೆ ಒಂದು ವಾರ ಡಬ್ಬಿ ಜಾಸ್ತಿ ಬಂದಾಗ ಬೆಲೆ ಏರಿದಂತೆ ಕಾಣುತ್ತದೆ. ಬೆಲೆ ಏರಿಲ್ಲ, ಮಾಲು ಬದಲಾಗಿದೆ. ತಳಿವಾರು ಬೇರೆ ಬೇರೆ ಇಡಿ. ಇನ್ನೊಂದು ಮಾತು, ಬ್ಯಾಡಗಿಗೆ ಬರುವ ಮಾಲೆಲ್ಲ ಹಾವೇರಿಯದಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಬರುತ್ತದೆ. ಮಾರುಕಟ್ಟೆಯ ಆವಕವನ್ನು ಜಿಲ್ಲೆಯ ಬೆಳೆ ಅಂತ ಓದಬೇಡಿ.

ಹಲವು ವರ್ಷದ ಬೆಲೆ ಹೋಲಿಸುವಾಗ ಬೆಲೆ ಸೂಚ್ಯಂಕದಿಂದ ಭಾಗಿಸಿ, ದುಬ್ಬರ ತೆಗೆದು ನೋಡಿ. ಜಿಲ್ಲೆಯ ಒಟ್ಟು ಉತ್ಪನ್ನದ ಅಂಕಿಯಲ್ಲಿ ಮೂಲ ವರ್ಷ, ಅಂದರೆ ಯಾವ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದ್ದಾರೋ ಅದು, ಬದಲಾಗಿದೆಯಾ ನೋಡಿ. 2004-05ರ ಸರಣಿಯನ್ನೂ 2011-12ರ ಸರಣಿಯನ್ನೂ ಸುಮ್ನೆ ಜೋಡಿಸುವಂತಿಲ್ಲ. ರಾಷ್ಟ್ರೀಯ ಸಮೀಕ್ಷೆಗಳ ಹಳೆಯ ಸುತ್ತುಗಳಲ್ಲಿ ಒಂದೊಂದು ಜಿಲ್ಲೆಯಿಂದ ತೆಗೆದ ಮನೆಗಳು ಕಡಿಮೆ. ಅದಕ್ಕೆ ‘ಗದಗ ಜಿಲ್ಲೆಯ ನಿರುದ್ಯೋಗ’ ಅಂತ ಅದರಿಂದ ತೆಗೆಯಲು ಹೋಗಬೇಡಿ. ನಮ್ಮ ಮೂರೂ ಜಿಲ್ಲೆಗಳು ಆ ಸಮೀಕ್ಷೆಗಳ ಒಳನಾಡಿನ ಉತ್ತರ ವಲಯದಲ್ಲಿ ಬರುತ್ತವೆ. ಆ ವಲಯಕ್ಕೆ ಲೆಕ್ಕ ಹಾಕಿದರೆ ಅಂಕಿ ನಿಲ್ಲುತ್ತದೆ.

ಕಚೇರಿಯಲ್ಲಿ ಮಾಹಿತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹಾಕುವುದಾದರೆ ಮೊದಲ ವಾರವೇ ಹಾಕಿ.

ಯಾರನ್ನು ಕೇಳಬೇಕು

ಪರಿಚಯದವರ ಮನೆ, ಅವರ ಪಕ್ಕದ ಮನೆ, ಅವರ ಮಾವನ ಮನೆ. ಹೀಗೆ ನೂರು ಪ್ರಶ್ನಾವಳಿ ತುಂಬಿಸಿದರೆ ಒಂದೇ ಓಣಿಯ, ಒಂದೇ ಜಾತಿಯ, ಒಂದೇ ಅಂತಸ್ತಿನ ನೂರು ಉತ್ತರ ಸಿಗುತ್ತವೆ. ಮೊದಲು ಪಟ್ಟಿ ಬೇಕು. ಊರಲ್ಲಿ 400 ರೈತ ಕುಟುಂಬ ಇದ್ದು ನಿಮಗೆ 80 ಬೇಕಾದರೆ ಪ್ರತಿ ಐದನೆಯ ಹೆಸರು ತೆಗೆಯಿರಿ. ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ 1ರಿಂದ 5ರವರೆಗೆ ಚೀಟಿ ಎತ್ತಿ. ಚೀಟಿಯಲ್ಲಿ 3 ಬಂದರೆ 3, 8, 13, ಹೀಗೆ. ಮನೆಯಲ್ಲಿ ಯಾರೂ ಸಿಗದಿದ್ದರೆ ಇನ್ನೊಂದು ದಿನ ಹೋಗಿ. ಪಕ್ಕದ ಮನೆಗೆ ನುಗ್ಗಬೇಡಿ.

ಪಟ್ಟಿ ಎಲ್ಲಿಂದ ತರುತ್ತೀರಿ ಅನ್ನುವುದು ಇಲ್ಲಿಯ ದೊಡ್ಡ ವಿಷಯ. ಸೊಸೈಟಿಯ ಪಟ್ಟಿಯಲ್ಲಿ ಸದಸ್ಯರು ಮಾತ್ರ ಇರುತ್ತಾರೆ. ಉತಾರ (ಪಹಣಿ) ನೋಡಿ ಪಟ್ಟಿ ಮಾಡಿದರೆ ಹೊಲದ ಒಡೆಯರು ಸಿಗುತ್ತಾರೆ. ಅವರಲ್ಲಿ ಕೆಲವರು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ನೌಕರಿ ಮಾಡುತ್ತಿರುತ್ತಾರೆ. ಹೊಲ ಉಳುವವನು ಲಾವಣಿಗೆ, ಅಂದರೆ ಗೇಣಿಗೆ ಹಿಡಿದವನು. ಅವನ ಹೆಸರು ಉತಾರದಲ್ಲಿ ಇಲ್ಲ. 1974ರ ಭೂ ಸುಧಾರಣೆ ತಿದ್ದುಪಡಿಯ ನಂತರ ಕೃಷಿ ಭೂಮಿ ಗೇಣಿಗೆ ಕೊಡುವುದಕ್ಕೆ ನಿಷೇಧ ಇದೆ. ಹಾಗಾಗಿ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ. ಬೆಳೆಸಾಲ, ಬೆಳೆವಿಮೆ, ಪರಿಹಾರ ಎಲ್ಲಕ್ಕೂ ಉತಾರ ಬೇಕು. ನಿಮ್ಮ ಪಟ್ಟಿಯಲ್ಲಿ ಈ ರೈತ ಬಿಟ್ಟುಹೋದರೆ ಕಷ್ಟದಲ್ಲಿರುವವನೇ ಬಿಟ್ಟುಹೋದಂತೆ. ಎರಡು ದಿನ ಜಾಸ್ತಿ ಹೋದರೂ ಚಿಂತೆ ಇಲ್ಲ. ಓಣಿ ಓಣಿ ಸುತ್ತಿ, ಆಶಾ ಕಾರ್ಯಕರ್ತೆಯನ್ನು, ಅಂಗನವಾಡಿ ಅಕ್ಕನನ್ನು ಜೊತೆ ಮಾಡಿಕೊಂಡು ಮನೆಗಳ ಪಟ್ಟಿ ನೀವೇ ಮಾಡಿ. ನನ್ನ ಲೆಕ್ಕದಲ್ಲಿ ಇಡೀ ಡಿಸರ್ಟೇಶನ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ಎರಡು ದಿನ ಬೇರೆ ಇಲ್ಲ.

ಪ್ರಶ್ನಾವಳಿ

ಒಂದು ಸಂಜೆ ನವಲಗುಂದ ತಾಲ್ಲೂಕಿನ ಒಂದು ಊರಲ್ಲಿ ನಮ್ಮ ವಿದ್ಯಾರ್ಥಿನಿ ಕೇಳಿದ ಮೊದಲ ಪ್ರಶ್ನೆ: “ನಿಮ್ಮ ವಾರ್ಷಿಕ ಆದಾಯ ಎಷ್ಟು?” ಕಟ್ಟೆಯ ಮೇಲೆ ಕುಳಿತು ಹೆಸರು ಹಸನು ಮಾಡುತ್ತಿದ್ದ ಅಮ್ಮ ಮೊರ ಕೆಳಗಿಟ್ಟು ನಕ್ಕರು. “ಏನ್ ಆದಾಯವ್ವಾ? ಬಂದದ್ದು ಬಂದಂಗ ಹೋಗತೈತಿ.” ಹುಡುಗಿ ಹಾಳೆಯಲ್ಲಿ ‘ಉತ್ತರಿಸಿಲ್ಲ’ ಅಂತ ಬರೆಯಲು ಹೊರಟಳು. ನಾನು ತಡೆದೆ. ಬೇರೆ ರೀತಿ ಕೇಳು ಅಂದೆ.

“ಅಮ್ಮಾರ, ಹೋದ ವರ್ಷ ಹೆಸರು ಎಷ್ಟು ಚೀಲ ಬಂತ್ರಿ?”

“ಆರು ಚೀಲ ಬಂದಿತ್ತವಾ. ಒಂದು ಮನಿಗೆ ಇಟಗೊಂಡ್ವಿ. ಐದು ಅಡತಿಗೆ ಹಾಕಿದ್ವಿ.”

“ಅಡತ್ಯಾ ಎಷ್ಟು ಕೊಟ್ರಿ?”

“ಕೊಡೂದೆಲ್ಲಿ? ಗೊಬ್ಬರಕ್ಕ ಮೊದಲ ಇಸಗೊಂಡಿದ್ವಿ, ಅದರಾಗ ಮುರಕೊಂಡರು.”

ಅಡತ್ಯಾ ಅಂದರೆ ಮಾಲು ಮಾರಿಸಿಕೊಡುವ ದಲಾಲ. ನೋಡಿ, ಆದಾಯ, ಮಾರಾಟ, ಮನೆಬಳಕೆ, ಸಾಲ, ಸಾಲಕ್ಕೂ ಮಾರಾಟಕ್ಕೂ ಇರುವ ಗಂಟು, ಎಲ್ಲ ಎರಡು ನಿಮಿಷದಲ್ಲಿ ಬಂತು. ಜನ ಚೀಲದಲ್ಲಿ, ಕೂರಿಗೆಯಲ್ಲಿ, ಆಳಿನಲ್ಲಿ ಲೆಕ್ಕ ಇಡುತ್ತಾರೆ. ನೀವೂ ಅದರಲ್ಲೇ ಕೇಳಿ. ಚೀಲ ಎಷ್ಟು ಕಿಲೋದ್ದು, ಹೊಲ ಎಷ್ಟು ಎಕರೆ ಅಂತ ಪಕ್ಕದಲ್ಲೇ ಕೇಳಿ ಬರೆದುಕೊಳ್ಳಿ. ಕ್ವಿಂಟಲ್‌ಗೆ, ಎಕರೆಗೆ ತಿರುಗಿಸುವ ಕೆಲಸ ಮನೆಗೆ ಬಂದ ಮೇಲೆ ನಿಮ್ಮದು.

ಬೆಳೆಯಿಂದ ಬೆಳೆಗೆ, ಹಂಗಾಮಿನಿಂದ ಹಂಗಾಮಿಗೆ ಕೇಳಿ: ಮುಂಗಾರಿ ಏನು ಬಿತ್ತಿದರು, ಹಿಂಗಾರಿ ಏನು. “ಲಾವಣಿ ಹಿಡಿದಿದ್ದೀರಾ” ಅಂತ ನೇರವಾಗಿ ಕೇಳಿದರೆ “ಇಲ್ಲ” ಅಂತಲೇ ಬರುವುದು ಜಾಸ್ತಿ. “ಹೋದ ವರ್ಷ ಯಾವ ಯಾವ ಹೊಲ ಮಾಡಿದ್ರಿ” ಅಂತ ಕೇಳಿ. ಮನೆಯವರ ದುಡಿಮೆಯನ್ನು ಬಿಡಬೇಡಿ. ಮೆಣಸಿನಕಾಯಿ ಬಿಡಿಸಲು ಅತ್ತೆ-ಸೊಸೆ ಎಷ್ಟು ದಿನ ಹೋದರು? ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಕೈಯಿಂದ ಹಾಕಿದ ಖರ್ಚನ್ನು ಎ2 ಅಂತ, ಅದಕ್ಕೆ ಮನೆಮಂದಿಯ ದುಡಿಮೆ ಸೇರಿಸಿ ಎ2+ಎಫ್‌ಎಲ್ ಅಂತ, ಸ್ವಂತ ಹೊಲದ ಬಾಡಿಗೆ ಮತ್ತು ಹೂಡಿದ ಬಂಡವಾಳದ ಬಡ್ಡಿಯನ್ನೂ ಸೇರಿಸಿ ಸಿ2 ಅಂತ ಲೆಕ್ಕ ಇಡುತ್ತದೆ. ನೀವು ಯಾವುದನ್ನು ಹಿಡಿದಿದ್ದೀರಿ ಅಂತ ಸ್ಪಷ್ಟವಾಗಿ ಬರೆಯಿರಿ. ಒಂದೇ ಹೊಲ ಒಂದು ಲೆಕ್ಕದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ ತೋರಿಸಬಹುದು.

ಎಂಟು ಹತ್ತು ಮನೆಯಲ್ಲಿ ಮೊದಲು ಪರೀಕ್ಷೆ ಮಾಡಿ. ಜನ ತಡವರಿಸಿದ ಪ್ರಶ್ನೆ ತಿದ್ದಿ. ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುತ್ತಿದ್ದರೆ ಕಡಿಮೆ ಮಾಡಿ. ಕಾಗದದ ಬದಲು ಫೋನ್ ಬಳಸುವವರಿಗೆ ಕೋಬೋ ಟೂಲ್‌ಬಾಕ್ಸ್ ಇದೆ. ಉಚಿತ, ಕನ್ನಡದಲ್ಲಿ ಪ್ರಶ್ನೆ ಹಾಕಬಹುದು, ನೆಟ್ ಇಲ್ಲದ ಊರಲ್ಲೂ ನಡೆಯುತ್ತದೆ.

ಊರಿಗೆ ಹೋಗುವುದು

ವಿಭಾಗದ ಮುಖ್ಯಸ್ಥರ ಸಹಿ ಇರುವ ಪತ್ರ ಜೊತೆಗಿರಲಿ. ಮೊದಲು ಪಂಚಾಯಿತಿಗೆ ಹೋಗಿ ಹೇಳಿ. ಎತ್ತಿನ ಬೇಸಾಯ ಇನ್ನೂ ಇರುವ ಊರುಗಳಲ್ಲಿ ಸೋಮವಾರ, ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ. ಅವತ್ತು ಜನ ಸಿಗುತ್ತಾರೆ. ಉಳಿದ ದಿನ ಸಂಜೆ ಆರರ ನಂತರ ಹೋಗಿ. ಸುಗ್ಗಿಯ ನಡುವೆ ಹೋಗಿ ಕೆಲಸ ಕೆಡಿಸಬೇಡಿ. ಗಂಡಸರಿಲ್ಲದಾಗ ಹೆಂಗಸರನ್ನು “ಯಜಮಾನರು ಬಂದ ಮೇಲೆ ಬರುತ್ತೇವೆ” ಅಂತ ಬಿಟ್ಟು ಬರಬೇಡಿ. ಆಳಿನ ಲೆಕ್ಕ, ಸಂಘದ ಲೆಕ್ಕ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮ ಕೈಯಲ್ಲಿ ಹಾಳೆ ಕಂಡ ಕೂಡಲೇ ಜನ ಸರ್ಕಾರದವರು ಅಂದುಕೊಳ್ಳುತ್ತಾರೆ. ಬಿಪಿಎಲ್ ಕಾರ್ಡ್ ಹೋಗುತ್ತದೆ ಅನ್ನುವ ಭಯಕ್ಕೆ ಆದಾಯ ಕಡಿಮೆ ಹೇಳುತ್ತಾರೆ. ಪರಿಹಾರ ಬರುತ್ತದೆ ಅನ್ನುವ ಆಸೆಗೆ ನಷ್ಟ ಜಾಸ್ತಿ ಹೇಳುತ್ತಾರೆ. ತಪ್ಪು ಅವರದಲ್ಲ. ಮೊದಲೇ ಕುಳಿತು ಸರಿಯಾಗಿ ಹೇಳಿ: “ನಾವು ಕಾಲೇಜಿನ ಹುಡುಗರು, ಓದಿಗೆ ಕೇಳ್ತಿದ್ದೀವಿ, ನಿಮ್ಮ ಹೆಸರು ಎಲ್ಲೂ ಬರೆಯೋದಿಲ್ಲ, ಬ್ಯಾಡ ಅನಿಸಿದ್ರೆ ಹೇಳಬ್ಯಾಡ್ರಿ.” ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಹಾಳೆಯ ಮೇಲೆ ಸಂಖ್ಯೆ ಹಾಕಿ, ಹೆಸರಿನ ಪಟ್ಟಿ ಬೇರೆ ಇಡಿ. ಸಾಲದ ವಿಷಯ ಕೇಳುವಾಗ ಸುತ್ತ ಹತ್ತು ಜನ ನಿಂತಿದ್ದರೆ ಆ ಪ್ರಶ್ನೆ ಮುಂದಕ್ಕೆ ಹಾಕಿ. ಅದು ಒಬ್ಬರ ಮಾನದ ಪ್ರಶ್ನೆ.

ದಿನಕ್ಕೆ ಆರು ಮನೆ ಆದರೆ ಬಹಳ ಆಯಿತು. ರಾತ್ರಿ ಮಲಗುವ ಮೊದಲು ಎಲ್ಲ ಹಾಳೆ ತಿರುವಿ ಹಾಕಿ. ಬಿಟ್ಟುಹೋದದ್ದು ಮರುದಿನ ಕೇಳಬಹುದು, ತಿಂಗಳ ಮೇಲೆ ಆಗುವುದಿಲ್ಲ.

ಲೆಕ್ಕ

ಎಕ್ಸೆಲ್‌ನಲ್ಲಿ ಒಂದು ಮನೆಗೆ ಒಂದು ಸಾಲು, ಒಂದು ಪ್ರಶ್ನೆಗೆ ಒಂದು ಕಾಲಂ. ಉತ್ತರ ಇಲ್ಲದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಸಾಲ ಸೊನ್ನೆ ಇರುವುದಕ್ಕೂ ಸಾಲ ಹೇಳದಿರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಮೂಲ ಫೈಲ್ ಮುಟ್ಟದೆ ಪ್ರತಿ ಮಾಡಿಕೊಂಡು ಕೆಲಸ ಮಾಡಿ.

ಸರಾಸರಿ ಒಂದನ್ನೇ ನಂಬಬೇಡಿ. ಐದು ರೈತರಿಗೆ ಕ್ವಿಂಟಲ್‌ಗೆ 12,000, 13,000, 14,000, 15,000 ಮತ್ತು 46,000 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಸರಾಸರಿ 20,000. ಐವರಲ್ಲಿ ನಾಲ್ವರಿಗೆ ಅಷ್ಟು ಸಿಕ್ಕೇ ಇಲ್ಲ. ಮಧ್ಯಾಂಕ, ಅಂದರೆ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಇಟ್ಟಾಗ ನಡುವೆ ಬರುವುದು, 14,000. ಎರಡನ್ನೂ ಕೊಡಿ.

ಈಗ ನಮ್ಮ ಕೋಲ್ಡ್ ಸ್ಟೋರೇಜ್ ಪ್ರಶ್ನೆಗೆ ಬರೋಣ. ಇವು ಲೆಕ್ಕ ತಿಳಿಯಲು ಹಾಕಿಕೊಂಡ ಅಂಕಿ. ಇವತ್ತಿನ ಬೆಲೆ 20,000. ಐದು ತಿಂಗಳು ಇಟ್ಟು ಮಾರಿದರೆ 22,500. ಮೇಲ್ನೋಟಕ್ಕೆ 2,500 ಲಾಭ. ಕ್ವಿಂಟಲ್‌ಗೆ ಸ್ಟೋರೇಜ್ ಬಾಡಿಗೆ 600 ಕಳೆಯಿರಿ, 1,900 ಉಳಿಯಿತು. ಆದರೆ ಆ ಐದು ತಿಂಗಳು ರೈತ ಮನೆ ನಡೆಸಬೇಕು, ಸಾಲ ಬೆಳೆಯುತ್ತಿರುತ್ತದೆ. ಊರಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದಿದ್ದರೆ, ಅಂದರೆ ತಿಂಗಳಿಗೆ ಶೇ. 2, ಆ 20,000ದ ಮೇಲೆ ಐದು ತಿಂಗಳಿಗೆ 2,000 ಬಡ್ಡಿ. 100 ರೂಪಾಯಿ ನಷ್ಟ. ಅದೇ ಸಾಲ ವರ್ಷಕ್ಕೆ ಶೇ. 7ರ ಬ್ಯಾಂಕಿನದಾಗಿದ್ದರೆ ಬಡ್ಡಿ ಸುಮಾರು 583. ಆಗ 1,317 ಲಾಭ. ಅದೇ ಮಾಲು, ಅದೇ ಗೋದಾಮು, ಅದೇ ಬೆಲೆ. ಒಬ್ಬನಿಗೆ ಕಾಯುವುದು ಲಾಭ, ಇನ್ನೊಬ್ಬನಿಗೆ ಅವತ್ತೇ ಮಾರುವುದು ಸರಿ. “ನಮ್ಮ ರೈತರಿಗೆ ಮಾರುಕಟ್ಟೆ ಜ್ಞಾನ ಇಲ್ಲ” ಅಂತ ಬರೆಯುವ ಮೊದಲು ಈ ಲೆಕ್ಕ ಪ್ರತಿ ಮನೆಗೂ ಹಾಕಿ ನೋಡಿ. ಎಷ್ಟೋ ಸಲ ರೈತ ತನ್ನ ಲೆಕ್ಕ ಸರಿಯಾಗಿಯೇ ಮಾಡಿರುತ್ತಾನೆ, ನಮಗೆ ಅವನ ಬಡ್ಡಿ ಗೊತ್ತಿರುವುದಿಲ್ಲ.

ಇಲ್ಲೇ ಇನ್ನೊಂದು ಎಚ್ಚರ. ನಿಮ್ಮ ಕೋಷ್ಟಕದಲ್ಲಿ ಸ್ಟೋರೇಜ್‌ನಲ್ಲಿ ಇಟ್ಟವರಿಗೆ ಜಾಸ್ತಿ ಬೆಲೆ ಸಿಕ್ಕಿದೆ ಅಂತ ಕಂಡಿತು. ಇಟ್ಟಿದ್ದರಿಂದಲೇ ಸಿಕ್ಕಿತಾ? ಇಡುವವರು ದೊಡ್ಡ ಹಿಡುವಳಿಯವರಾಗಿರಬಹುದು. ಅವರ ಮಾಲು ಚೆನ್ನಾಗಿ ಒಣಗಿ, ಬಣ್ಣ ಚೆನ್ನಾಗಿ ಇದ್ದಿರಬಹುದು. ಅವರಿಗೆ ಅವತ್ತೇ ಮಾರಿದ್ದರೂ ಜಾಸ್ತಿ ಬೆಲೆ ಬರುತ್ತಿತ್ತೇನೋ. ಅದಕ್ಕೇ ಐದು ಎಕರೆ ಒಳಗಿನವರನ್ನು ಅವರವರಲ್ಲೇ ಹೋಲಿಸಿ, ಕಡ್ಡಿಯನ್ನು ಕಡ್ಡಿಗೆ, ಡಬ್ಬಿಯನ್ನು ಡಬ್ಬಿಗೆ ಹೋಲಿಸಿ. ರಿಗ್ರೆಶನ್ ಮಾಡುವುದೂ ಇದಕ್ಕೇ: ಹಿಡುವಳಿ, ತಳಿ, ಸಾಲದ ಮೂಲ ಒಂದೇ ಇದ್ದಾಗ ಇಟ್ಟಿದ್ದರಿಂದ ಎಷ್ಟು ವ್ಯತ್ಯಾಸ ಅಂತ ತಿಳಿಯಲು. ಈ ಲೆಕ್ಕ ಹಾಕುವ ಗ್ರೆಟಲ್ ಮತ್ತು ಆರ್ ತಂತ್ರಾಂಶಗಳು ಉಚಿತ. ಎಂಬತ್ತು ಮನೆಯ ಅಂಕಿಗೆ ಹಿಡುವಳಿ, ತಳಿಯಂಥ ಐದಾರು ಚರಾಂಶ ಸಾಕು, ಹದಿನೈದು ತುರುಕಬೇಡಿ. ಆರ್-ಸ್ಕ್ವೇರ್ (ವ್ಯತ್ಯಾಸದಲ್ಲಿ ಎಷ್ಟು ಭಾಗವನ್ನು ನಿಮ್ಮ ಲೆಕ್ಕ ವಿವರಿಸಿತು ಅನ್ನುವ ಅಂಕಿ) ಕಡಿಮೆ ಬಂತು ಅಂತ ಹೆದರಬೇಡಿ. ನೀವು ಅಂದುಕೊಂಡಿದ್ದು ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ. ಅಂಕಿ ತಿದ್ದುವವರನ್ನು ಕಂಡಿದ್ದೇನೆ. ಐದು ಗಂಟೆಗೆ ಎದ್ದು ಬಸ್ ಹಿಡಿದು ಹೋಗಿ ಕೇಳಿಕೊಂಡು ಬಂದ ಮಾತನ್ನು ರಾತ್ರಿ ಕುಳಿತು ಬದಲಿಸುವುದು ನೋವಿನ ಸಂಗತಿ.

ಬರೆಯುವುದು, ವೈವಾ

ಮೊದಲು ಕೋಷ್ಟಕಗಳ ಅಧ್ಯಾಯ ಬರೆಯಿರಿ, ಮುನ್ನುಡಿ ಕೊನೆಗೆ. ಕೋಷ್ಟಕದಲ್ಲಿ ಇರುವುದನ್ನೇ ವಾಕ್ಯದಲ್ಲಿ ಮತ್ತೆ ಓದಿ ಹೇಳಬೇಡಿ. ಯಾಕೆ ಹಾಗಿದೆ ಹೇಳಿ. ‘ಭಾರತ ಹಳ್ಳಿಗಳ ದೇಶ’ ಅಂತ ಶುರು ಮಾಡುವುದು ಬೇಡ, ಬ್ಯಾಡಗಿಯಿಂದ ಶುರು ಮಾಡಿ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಆಮೇಲೆ ಹುಡುಕಲು, ಬೇರೆ ಕಡೆ ಕಳಿಸಲು ಅನುಕೂಲ.

ಹಳೆಯ ಡಿಸರ್ಟೇಶನ್‌ಗೆ ಊರ ಹೆಸರು ಬದಲಿಸಿ ಕೊಡುವ ಡಿಟಿಪಿ ಅಂಗಡಿಗಳಿವೆ. ಅತ್ತ ಹೋಗಬೇಡಿ. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದರ ಮೇಲೆ ಹೋದರೆ ಹಂತ ಹಂತವಾಗಿ ಕ್ರಮ ಇದೆ. ಅದಕ್ಕಿಂತ ಮೊದಲು ವೈವಾದಲ್ಲೇ (ಮೌಖಿಕ ಪರೀಕ್ಷೆಯಲ್ಲೇ) ಗೊತ್ತಾಗುತ್ತದೆ. “ಈ 80 ಮನೆ ಹೇಗೆ ಆರಿಸಿದಿರಿ?” ಅನ್ನುವ ಮೊದಲ ಪ್ರಶ್ನೆಗೆ, ಹೋಗಿ ಬಂದವರು ಓಣಿಯ ಹೆಸರು ಹಿಡಿದು ಹೇಳುತ್ತಾರೆ. ತುಂಬಿದ ಪ್ರಶ್ನಾವಳಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈವಾಗೆ ಹೋಗಿ.

ಮತ್ತೆ ಆ ಊರಿಗೆ

ಸಲ್ಲಿಸಿದ ಮೇಲೆ ಇನ್ನೊಂದು ಸಲ ಹೋಗಬೇಕು. ಒಂದು ಹಾಳೆ ಸಾಕು. ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಯಾರ ಹೆಸರೂ ಇಲ್ಲದೆ ನಿಮಗೆ ಕಂಡದ್ದನ್ನು ಐದಾರು ಸಾಲಿನಲ್ಲಿ ಬರೆದು ಸೊಸೈಟಿಯ ಗೋಡೆಗೆ ಅಂಟಿಸಿ, ಅಲ್ಲಿ ಕುಳಿತವರಿಗೆ ಓದಿ ಹೇಳಿ. ಬಡ್ಡಿಯ ಲೆಕ್ಕ ಕೇಳಿದ ಕೂಡಲೇ ಅವರು ಕೇಳುವ ಪ್ರಶ್ನೆ ಒಂದಿದೆ: “ಹಂಗಾದ್ರ ಬಡ್ಡಿ ಕಡಿಮಿ ಸಾಲ ಎಲ್ಲಿ ಸಿಗತೈತಿ?” ಮಾಲನ್ನು ಗೋದಾಮಿನಲ್ಲಿ ಒತ್ತೆ ಇಟ್ಟು ತೆಗೆಯುವ ಅಡಮಾನ ಸಾಲ ಇದೆ. ಹೋಗುವ ಮೊದಲು ಎಪಿಎಂಸಿಗೂ ಬ್ಯಾಂಕಿಗೂ ಹೋಗಿ ಈ ವರ್ಷದ ಬಡ್ಡಿ ಎಷ್ಟು, ಮಾಲಿನ ಬೆಲೆಯ ಎಷ್ಟು ಭಾಗ ಕೊಡುತ್ತಾರೆ, ಯಾವ ಕಾಗದ ಬೇಕು, ಲಾವಣಿ ರೈತನಿಗೂ ಸಿಗುತ್ತದಾ ಅಂತ ಕೇಳಿಕೊಂಡು ಬನ್ನಿ. ಆ ನಾಲ್ಕು ಉತ್ತರವನ್ನು ಅದೇ ಹಾಳೆಯ ಕೆಳಗೆ ಬರೆದುಕೊಂಡು ಹೋಗಿ.